ಲಂಗರು ಹಾಕಿದ ಯಾಟಿನ ಹೊಗೆ

ಜುಲೈ ತಿಂಗಳ ನಡುಹಗಲು, ಫ್ರಾನ್ಸಿನ ದಕ್ಷಿಣ ಕರಾವಳಿಯಾಚೆ ನೂರು ಮೀಟರ್ ಉದ್ದದ ಐಷಾರಾಮಿ ಯಾಟೊಂದು ಲಂಗರು ಹಾಕಿ ನಿಂತಿದೆ ಎನ್ನಿ. ಮುಖ್ಯ ಎಂಜಿನ್ ಬಂದ್ ಆಗಿದೆ, ಮಾಲೀಕರೂ ಹಡಗಿನಲ್ಲಿಲ್ಲ. ಆದರೂ ಒಳಗೆ ಡೀಸೆಲ್ ಜನರೇಟರ್ ಓಡುತ್ತಲೇ ಇದೆ. ನೆಲದಿಂದ ಸೂರಿನವರೆಗೆ ಗಾಜು ಹಾಕಿದ ಕೋಣೆಗಳಿಗೆ ಬಿಸಿಲು ನುಗ್ಗುತ್ತದೆ, ಆ ಕಾವನ್ನು ಎಸಿ ಹೊರಗೆ ತಳ್ಳುತ್ತಿರಬೇಕು. ಸಮುದ್ರದ ನೀರನ್ನು ಸಿಹಿಮಾಡುವ ಯಂತ್ರ, ಈಜುಕೊಳದ ಪಂಪು, ಶೈತ್ಯಾಗಾರ, ಹತ್ತಾರು ಸಿಬ್ಬಂದಿಯ ಅಡುಗೆಮನೆ, ಯಾವುದನ್ನೂ ನಿಲ್ಲಿಸುವಂತಿಲ್ಲ. ಹಡಗಿನವರು ಇದನ್ನು ‘ಹೋಟೆಲ್ ಲೋಡ್’ ಎನ್ನುತ್ತಾರೆ. ನೆದರ್ಲೆಂಡ್ಸಿನ ಯಾಟ್ ತಯಾರಕರಾದ ಫೆಡ್‌ಶಿಪ್‌ನವರ ಲೆಕ್ಕದಲ್ಲಿ, ಇಂಥ ಹಡಗು ವರ್ಷಕ್ಕೆ ಬಳಸುವ ಶಕ್ತಿಯಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಹೋಗುವುದು ಇದಕ್ಕೇ.

ಒಂದು ಲೀಟರ್ ಡೀಸೆಲ್ ತೂಗುವುದು ಒಂದು ಕಿಲೋಗಿಂತ ಕಡಿಮೆ. ಅದನ್ನು ಉರಿಸಿದರೆ ಬರುವ ಇಂಗಾಲದ ಡೈಆಕ್ಸೈಡ್ ಮಾತ್ರ ಸುಮಾರು 2.7 ಕಿಲೋ. ಇಂಧನದಲ್ಲಿರುವ ಪ್ರತಿ ಇಂಗಾಲದ ಪರಮಾಣು ಗಾಳಿಯಿಂದ ಎರಡು ಆಮ್ಲಜನಕದ ಪರಮಾಣುಗಳನ್ನು ಸೇರಿಸಿಕೊಳ್ಳುತ್ತದೆ, ತೂಕ ಹೆಚ್ಚುವುದು ಹಾಗೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರಾದ ರಿಚರ್ಡ್ ವಿಲ್ಕ್ ಮತ್ತು ಬಿಯಾಟ್ರಿಸ್ ಬರೋಸ್ 2021ರಲ್ಲಿ ರಷ್ಯಾದ ಕೋಟ್ಯಧಿಪತಿ ರೋಮನ್ ಅಬ್ರಮೋವಿಚ್ ಅವರ ‘ಎಕ್ಲಿಪ್ಸ್’ ಯಾಟು ಬಿಡುವ ಇಂಗಾಲದ ಡೈಆಕ್ಸೈಡಿನ ಲೆಕ್ಕ ಹಾಕಿದರು. ಅವರ ಅಂದಾಜಿನಲ್ಲಿ ವರ್ಷಕ್ಕೆ 22,000 ಟನ್ನಿಗೂ ಹೆಚ್ಚು. ಭಾರತದಲ್ಲಿ ತಲಾ ಲೆಕ್ಕ ಸುಮಾರು 2 ಟನ್. ಹನ್ನೊಂದು ಸಾವಿರ ಜನರ ಅಡುಗೆ, ದೀಪ, ಬಸ್ಸು, ಗದ್ದೆಯ ಪಂಪುಸೆಟ್ಟು ಎಲ್ಲ ಸೇರಿ ಆಗುವಷ್ಟು ಹೊಗೆ ಒಂದೇ ಹಡಗಿನಿಂದ. ಈ ಅಂಕಿಯನ್ನು ಓದಿ ಸುಮ್ಮನೆ ಮುಂದಕ್ಕೆ ಹೋಗಲು ನನ್ನಿಂದಾಗಲಿಲ್ಲ.

ಈಗ ತಯಾರಕರ ಹವಾಮಾನ ವಾಗ್ದಾನಗಳನ್ನು ನೋಡೋಣ. ಕಂಪನಿಗಳ ಇಂಗಾಲದ ಲೆಕ್ಕಪತ್ರದಲ್ಲಿ ಮೂರು ಖಾನೆಗಳಿರುತ್ತವೆ: ಕಾರ್ಖಾನೆಯಲ್ಲೇ ಉರಿದ ಇಂಧನ ಮೊದಲನೆಯದು, ಕೊಂಡ ವಿದ್ಯುತ್ ಎರಡನೆಯದು, ಉಳಿದದ್ದೆಲ್ಲ ಮೂರನೆಯದು. ಕಾರ್ಖಾನೆಯ ಚಾವಣಿಗೆ ಸೌರಫಲಕ ಹಾಕಿದರೆ ಎರಡನೆಯದು ಇಳಿಯುತ್ತದೆ. ಮಾರಿದ ಹಡಗು ಮುಂದಿನ ಹತ್ತಾರು ವರ್ಷ ಉರಿಸುವ ಡೀಸೆಲ್ ಬರುವುದು ಮೂರನೆಯದರಲ್ಲಿ. ಹಾಗಾಗಿ ಯಾವುದೇ ಯಾಟ್ ಕಂಪನಿ ‘ನೆಟ್ ಝೀರೋ’ (ಗಾಳಿಗೆ ಸೇರುವ ಇಂಗಾಲ ಒಟ್ಟಾರೆ ಲೆಕ್ಕದಲ್ಲಿ ಸೊನ್ನೆ) ಎಂದಾಗ ನಾನು ಮೊದಲು ಹುಡುಕುವುದು ಈ ಮೂರನೆಯ ಖಾನೆಯನ್ನು.

ಇಲ್ಲಿ ಫೆಡ್‌ಶಿಪ್‌ಗೆ ಸಲ್ಲಬೇಕಾದ್ದು ಸಲ್ಲಲೇಬೇಕು. 2030ರ ಹೊತ್ತಿಗೆ ನೆಟ್ ಝೀರೋ ಎಂಬ ಅವರ ಗುರಿ ಹಡಗಿಗೇ ಸಂಬಂಧಿಸಿದ್ದು. 2024ರ ಮೇ ತಿಂಗಳಲ್ಲಿ ಅವರು ನೀರಿಗಿಳಿಸಿದ ಸುಮಾರು 119 ಮೀಟರ್ ಉದ್ದದ ಯಾಟಿನಲ್ಲಿ, 92 ಘನ ಮೀಟರ್ ಟ್ಯಾಂಕಿನೊಳಗೆ ದ್ರವ ಜಲಜನಕವಿದೆ, ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇಂಧನಕೋಶದಲ್ಲಿ ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ವಿದ್ಯುತ್ ಕೊಡುತ್ತದೆ, ಹೊರಬರುವುದು ನೀರಾವಿ. ಲಂಗರು ಹಾಕಿ ನಿಂತರೆ ಸುಮಾರು ಒಂದು ವಾರ ಹೋಟೆಲ್ ಲೋಡನ್ನು ಇದೇ ಹೊರುತ್ತದೆ. ಅಂದರೆ ರೋಗ ಇರುವಲ್ಲಿಗೇ ಮದ್ದು ಹಚ್ಚಿದ್ದಾರೆ.

ಸಾಗರ ದಾಟಲು ಮಾತ್ರ ಅದು ಸಾಲದು. ಒಂದು ಲೀಟರ್ ಡೀಸೆಲ್‌ನ ಶಕ್ತಿಗೆ ದ್ರವ ಜಲಜನಕ ನಾಲ್ಕು ಲೀಟರಿಗೂ ಮಿಕ್ಕಿ ಬೇಕು, ಅಷ್ಟು ಜಾಗ ಹಡಗಿನಲ್ಲಿಲ್ಲ. ಆಗ ಓಡುವುದು ಎಚ್‌ವಿಒ ಇಂಧನದ ಜನರೇಟರ್. ಕರಿದುಳಿದ ಅಡುಗೆ ಎಣ್ಣೆಯಂಥವುಗಳಿಂದ ಇದನ್ನು ಮಾಡುತ್ತಾರೆ. ಇದರ ಹೊಗೆಯಲ್ಲೂ ಇಂಗಾಲ ಹೆಚ್ಚುಕಡಿಮೆ ಡೀಸೆಲ್‌ನಷ್ಟೇ, ಆದರೆ ಅದು ಗಿಡಗಳು ಈಚೆಗಷ್ಟೇ ಗಾಳಿಯಿಂದ ಹೀರಿದ್ದ ಇಂಗಾಲ ಎಂಬುದು ಸಮರ್ಥನೆ. ಸಮರ್ಥನೆ ಸರಿಯೇ, ಎಣ್ಣೆ ಬೇಕಾದಷ್ಟು ಸಿಗುವಂತಿದ್ದರೆ. ಅದೇ ಎಣ್ಣೆಗೆ ವಿಮಾನಗಳೂ ಲಾರಿಗಳೂ ಕಾದಿವೆ. ಜಲಜನಕದಲ್ಲೂ ಹೆಚ್ಚಿನದು ಇಂದಿಗೂ ತಯಾರಾಗುವುದು ನೈಸರ್ಗಿಕ ಅನಿಲದಿಂದ, ಒಂದು ಕಿಲೋಗೆ ಒಂಬತ್ತು-ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟು. ಗಾಳಿ, ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆದ ಜಲಜನಕವಾದರೆ ಮಾತ್ರ ಈ ಶ್ರಮ ಸಾರ್ಥಕ.

ಇಷ್ಟಾದರೂ ಇವೆಲ್ಲ ಸ್ವಇಚ್ಛೆಯ ಮಾತುಗಳು. 2024ರಿಂದ ಐರೋಪ್ಯ ಒಕ್ಕೂಟದ ಇಂಗಾಲ ಮಾರುಕಟ್ಟೆಗೆ ಹಡಗುಗಳೂ ಸೇರಿವೆ. 5,000 ಗ್ರಾಸ್ ಟನ್ನೇಜ್ (ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ) ಮೇಲ್ಪಟ್ಟ ಸರಕು ಹಾಗೂ ಪ್ರಯಾಣಿಕರ ಹಡಗುಗಳು, ಅಲ್ಲಿನ ಬಂದರಿನಲ್ಲಿ ಸುಮ್ಮನೆ ನಿಂತಾಗ ಬಿಟ್ಟ ಹೊಗೆಗೂ ದುಡ್ಡು ತೆರಬೇಕು. ಗೋಧಿ ಹೊತ್ತು ತಂದ ಹಡಗು ತೆರುತ್ತದೆ. ಪಕ್ಕದಲ್ಲಿ ಜನರೇಟರ್ ಓಡಿಸಿಕೊಂಡು ನಿಂತ ಖಾಸಗಿ ಯಾಟು, ಅಷ್ಟೇ ದೊಡ್ಡದಿದ್ದರೂ, ಆ ಪಟ್ಟಿಯಲ್ಲಿಲ್ಲ.