ಬ್ರೀದರ್ ಪೈಪಿನ ದಾರಿ ಬದಲಿಸುವ ಮುನ್ನ: ಬೈಕ್ ಇಂಜಿನ್ನಿನ ಉಸಿರಾಟದ ಬಗ್ಗೆ ಟಿಪ್ಪಣಿ

ಏರ್ ಫಿಲ್ಟರ್ ಬಾಕ್ಸ್ ಬಿಚ್ಚಿದಾಗ ತಳದಲ್ಲಿ ಆಯಿಲ್ ನಿಂತಿರುತ್ತದೆ. ಫಿಲ್ಟರಿನ ಕೆಳ ಅಂಚು ನೆಂದು ಕಪ್ಪಾಗಿರುತ್ತದೆ. ಇಂಜಿನ್ನಿನಿಂದ ಆ ಡಬ್ಬಿಗೆ ಬರುವ ರಬ್ಬರ್ ಪೈಪನ್ನು, ಅಂದರೆ ಬ್ರೀದರ್ ಪೈಪನ್ನು, ಎಳೆದು ನೋಡಿದರೆ ಅದರ ಬಾಯಲ್ಲೂ ಜಿಡ್ಡು. ಇದನ್ನು ಕಿತ್ತು ಬೇರೆ ಕಡೆ ಬಿಟ್ಟರೆ ಮುಗಿಯಿತಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ನಾನೂ ಹಾಗೇ ಬಿಟ್ಟಿದ್ದೆ. ಡಬ್ಬಿಯಲ್ಲಿ ನಿಲ್ಲುತ್ತಿದ್ದ ಆಯಿಲ್ ಪೈಪಿನ ತುದಿಗೆ ಸಿಕ್ಕಿಸಿದ ಬಾಟಲಿಯಲ್ಲಿ ನಿಲ್ಲತೊಡಗಿತು, ಅಷ್ಟೇ. ಯಾಕೆ ಬರುತ್ತಿದೆ ಅನ್ನುವುದು ಹಾಗೇ ಉಳಿಯಿತು. ಆ "ಯಾಕೆ"ಯ ಬೆನ್ನು ಹತ್ತಿ ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಒಂದೇ ಪೈಪ್, ಎರಡು ಉಸಿರು

ಫೋರ್ ಸ್ಟ್ರೋಕ್ ಇಂಜಿನ್ ಅಂದರೆ ಪಿಸ್ಟನ್ನಿನ ಮೇಲೆ ನಡೆಯುವುದನ್ನೇ ನಾವೆಲ್ಲ ಓದಿರುತ್ತೇವೆ. ಅದೇ ಪಿಸ್ಟನ್ನಿನ ಕೆಳಮುಖವೂ ಸುಮ್ಮನೆ ಕೂತಿರುವುದಿಲ್ಲ. ಇಳಿಯುವಾಗ ಕ್ರ್ಯಾಂಕ್‌ಕೇಸಿನ (ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಮುಚ್ಚಿದ ಗೂಡಿನ) ಗಾಳಿಯನ್ನು ಅದುಮುತ್ತದೆ, ಏರುವಾಗ ಎಳೆದುಕೊಳ್ಳುತ್ತದೆ, ಥೇಟ್ ಸೈಕಲ್ ಪಂಪಿನ ಹಾಗೆ. ಇದು ಮೊದಲನೆಯ ಉಸಿರು. ಹೋಗುವಷ್ಟೇ ಬರುತ್ತದೆ, ಕೂಡಿಸಿ ಕಳೆದರೆ ಸೊನ್ನೆ.

ಎರಡನೆಯದು ಪಿಸ್ಟನ್ ಸುತ್ತ ಕೂತ ರಿಂಗುಗಳ ಸಂದಿಯಿಂದ ನುಸುಳುವ ಗ್ಯಾಸ್. ಮೆಕ್ಯಾನಿಕ್‌ಗಳು ಬ್ಲೋ-ಬೈ ಅನ್ನುತ್ತಾರೆ. ಉರಿಯುವಾಗಿನ ಒತ್ತಡದಲ್ಲಿ ಸ್ವಲ್ಪ ಗ್ಯಾಸ್ ಪಿಸ್ಟನ್ ದಾಟಿ ಕೆಳಗಿಳಿಯುತ್ತದೆ. ಹೊಸ ಇಂಜಿನ್ನಿನಲ್ಲೂ ಇದು ಇದ್ದೇ ಇರುತ್ತದೆ. ಹೀಗೆ ಬಂದದ್ದು ವಾಪಸ್ ಹೋಗುವುದಿಲ್ಲ, ಹೊರಗೆ ಹೋಗಲೇಬೇಕು. ಬ್ರೀದರ್ ಮುಚ್ಚಿದರೆ ಒತ್ತಡ ಏರುತ್ತಾ ಹೋಗಿ ಆಯಿಲ್ ಸೀಲುಗಳೂ ಗ್ಯಾಸ್ಕೆಟ್ಟುಗಳೂ ಸೋರತೊಡಗುತ್ತವೆ. ಬ್ರೀದರ್ ಇರುವುದು ಇದಕ್ಕೇ.

ಈ ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಲು ಕಲಿತರೆ ಅರ್ಧ ಗೊಂದಲ ಕರಗುತ್ತದೆ. ಪೈಪಿನ ಬಾಯಿಗೆ ಬೆರಳಿಟ್ಟಾಗ ಧಗ್‌ಧಗ್ ಅಂತ ಬಡಿಯುವುದು ಮೊದಲನೆಯದು. ಅದನ್ನು ಕಂಡು "ರಿಂಗ್ ಹೋಗಿದೆ" ಅನ್ನುವವರು ಬಹಳ ಜನ. ಸಿಂಗಲ್ ಸಿಲಿಂಡರ್ ಎಷ್ಟೇ ಆರೋಗ್ಯವಾಗಿದ್ದರೂ ಬಡಿದೇ ಬಡಿಯುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. 350 ಸಿಸಿ ಸಿಂಗಲ್, 3000 ಆರ್‌ಪಿಎಂ. ಸೆಕೆಂಡಿಗೆ 50 ಸುತ್ತು, ಸುತ್ತಿಗೆ 20 ಮಿಲಿಸೆಕೆಂಡ್, ಅದರಲ್ಲಿ ಪಿಸ್ಟನ್ ಇಳಿಯಲು 10 ಮಿಲಿಸೆಕೆಂಡ್. ಅಷ್ಟರಲ್ಲಿ 350 ಸಿಸಿ ಗಾಳಿ ಹೊರಬೀಳಬೇಕಾದರೆ ಸೆಕೆಂಡಿಗೆ 35 ಲೀಟರಿನ ದರ ಆಯಿತು. ಪೈಪಿನ ಒಳವ್ಯಾಸ 10 ಮಿ.ಮೀ. ಅಂದುಕೊಳ್ಳಿ. ಅದರ ಅಡ್ಡಕೊಯ್ತ ಸುಮಾರು 78.5 ಚದರ ಮಿ.ಮೀ. ಭಾಗಿಸಿದರೆ ಗಾಳಿಯ ವೇಗ ಸೆಕೆಂಡಿಗೆ 446 ಮೀಟರ್ ಬರುತ್ತದೆ! ಶಬ್ದದ ವೇಗವೇ 343 ಮೀಟರಿನ ಆಸುಪಾಸು. ಈ ಉತ್ತರ ನೋಡಿ ನಾನು ಮೂರು ಸಲ ಲೆಕ್ಕ ತಿದ್ದಿದ್ದೆ. ಲೆಕ್ಕ ಸರಿಯಿತ್ತು, ನಾನು ಅಂದುಕೊಂಡದ್ದು ತಪ್ಪಿತ್ತು. ಅಷ್ಟೂ ಗಾಳಿ ಆ ಪೈಪಿನಲ್ಲಿ ಹೋಗುವುದೇ ಇಲ್ಲ. ಬಹುಪಾಲು ಕ್ರ್ಯಾಂಕ್‌ಕೇಸಿನೊಳಗೇ ಸ್ಪ್ರಿಂಗಿನ ಹಾಗೆ ಅದುಮಿಸಿಕೊಂಡು ಮತ್ತೆ ಹಿಗ್ಗುತ್ತದೆ, ಸ್ವಲ್ಪ ಮಾತ್ರ ಪೈಪಿನಲ್ಲಿ ಹೋಗಿಬಂದು ಮಾಡುತ್ತದೆ.

ಒಳವ್ಯಾಸವನ್ನು 16 ಮಿ.ಮೀ. ಮಾಡಿದರೆ ಅಡ್ಡಕೊಯ್ತ ಎರಡೂವರೆ ಪಟ್ಟಾಗುತ್ತದೆ, ಅದೇ ದರಕ್ಕೆ ವೇಗ 174 ಮೀಟರಿಗೆ ಇಳಿಯುತ್ತದೆ. ಆಯಿಲ್ ಹೊರಬರುವುದರ ಗುಟ್ಟು ಇಲ್ಲೇ ಇದೆ. ಕ್ರ್ಯಾಂಕ್ ತಿರುಗುವಾಗ ಒಳಗೆಲ್ಲ ಆಯಿಲ್ಲಿನ ಸಣ್ಣ ಹನಿಗಳ ಮಂಜು ತುಂಬಿರುತ್ತದೆ. ರಭಸದ ಗಾಳಿ ಹನಿಗಳನ್ನು ಹೊತ್ತೊಯ್ಯುತ್ತದೆ, ನಿಧಾನದ ಗಾಳಿ ದಾರಿಯಲ್ಲೇ ಉದುರಿಸುತ್ತದೆ. ಹಾಗಾಗಿ ದಪ್ಪ ಪೈಪ್ ಹಾಕಿದರೆ ಆಯಿಲ್ ಹೆಚ್ಚು ಬರುತ್ತದೆ ಅನ್ನುವ ಮಾತು ತಿರುಗುಮುರುಗು. ಟ್ರಯಂಫ್‌ನ 650 ಸಿಸಿ ಟ್ವಿನ್‌ಗಳಲ್ಲಿ ಮೊದಲು ಇನ್‌ಲೆಟ್ ಕ್ಯಾಮ್‌ಶಾಫ್ಟಿನ ತುದಿಯಲ್ಲಿ ತಿರುಗುವ ಡಿಸ್ಕ್ ವಾಲ್ವ್ ಬ್ರೀದರ್ ಇತ್ತು. 1970ರ ಆಸುಪಾಸಿನಲ್ಲಿ ಅದನ್ನು ಬಿಟ್ಟು, ಕ್ರ್ಯಾಂಕ್‌ಕೇಸನ್ನು ಪಕ್ಕದ ಪ್ರೈಮರಿ ಚೈನ್‌ಕೇಸಿಗೆ (ಕ್ರ್ಯಾಂಕಿನಿಂದ ಕ್ಲಚ್ಚಿಗೆ ಹೋಗುವ ಚೈನಿನ ಡಬ್ಬಿಗೆ) ಉಸಿರಾಡಲು ಬಿಟ್ಟು, ಅಲ್ಲಿಂದ ದಪ್ಪ ಪೈಪ್ ತೆಗೆದರು. ಚೈನ್‌ಕೇಸೇ ಹನಿ ಇಳಿಸುವ ಕೋಣೆಯಾಯಿತು. ಚೊಕ್ಕವಾದ ಉಪಾಯ.

ಯಾವ ಇಂಜಿನ್ ಎಷ್ಟು ಬಡಿಯುತ್ತದೆ ಅನ್ನುವುದು ಸಿಸಿಗಿಂತ ಹೆಚ್ಚಾಗಿ ಪಿಸ್ಟನ್ನುಗಳ ಜೋಡಣೆಯ ಮೇಲೆ ನಿಂತಿದೆ. ಯಮಹಾ ಎಕ್ಸ್‌ಎಸ್ 650ರಲ್ಲಿ ಎರಡೂ ಪಿಸ್ಟನ್ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ಬಿಎಂಡಬ್ಲ್ಯು ಬಾಕ್ಸರಿನಲ್ಲಿ ಎರಡೂ ಒಟ್ಟಿಗೆ ಒಳಕ್ಕೆ ಬರುತ್ತವೆ. ಇವು ಜೋರಾಗಿ ಬಡಿಯುತ್ತವೆ. ಇನ್‌ಲೈನ್ ಫೋರ್‌ನಲ್ಲಿ ಎರಡು ಇಳಿದಾಗ ಎರಡು ಏರುವುದರಿಂದ ಗಾಳಿ ಒಳಗೊಳಗೇ ಅತ್ತಿತ್ತ ಓಡಾಡುತ್ತದೆ, ಪೈಪಿನಲ್ಲಿ ಬರುವುದು ಹೆಚ್ಚಾಗಿ ಬ್ಲೋ-ಬೈ. ಟೂ ಸ್ಟ್ರೋಕಿನವರಿಗೆ ಈ ಪಾಠವೇ ಇಲ್ಲ: ಅಲ್ಲಿ ಕ್ರ್ಯಾಂಕ್‌ಕೇಸೇ ಪೆಟ್ರೋಲ್ ಮಿಶ್ರಣ ಅದುಮುವ ಪಂಪು.

ಬಿಚ್ಚುವ ಮೊದಲು

ಮೊದಲು ಆಯಿಲ್ ಮಟ್ಟ ನೋಡಿ. ನನ್ನ ಗಾಡಿಯ ಕಾಯಿಲೆ ಇದೇ ಆಗಿತ್ತು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿಟ್ಟು ಡಿಪ್‌ಸ್ಟಿಕ್ ನೋಡುತ್ತಿದ್ದೆ, ಕಮ್ಮಿ ಕಾಣುತ್ತಿತ್ತು, ಸುರಿಯುತ್ತಿದ್ದೆ. ನೆಟ್ಟಗೆ ನಿಲ್ಲಿಸಿ ನೋಡಿದಾಗ ಮೇಲಿನ ಗೆರೆ ದಾಟಿ ಎಲ್ಲೋ ಇತ್ತು. ಹೆಚ್ಚಿನದನ್ನು ಇಳಿಸಿದ ಮೇಲೆ ಬಾಟಲಿಯಲ್ಲಿ ನಿಲ್ಲುತ್ತಿದ್ದ ಆಯಿಲ್ ಹೆಚ್ಚುಕಮ್ಮಿ ನಿಂತೇ ಹೋಯಿತು. ಡಿಪ್‌ಸ್ಟಿಕ್ಕನ್ನು ತಿರುಗಿಸಿ ಕೂರಿಸಿ ನೋಡಬೇಕೋ, ಸುಮ್ಮನೆ ಇಳಿಬಿಟ್ಟು ನೋಡಬೇಕೋ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಮ್ಯಾನ್ಯುಯಲ್ ಹೇಳಿದಂತೆ ಮಾಡಿ.

ಆಮೇಲೆ ರಿಂಗುಗಳ ಪರೀಕ್ಷೆ. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಬ್ರೀದರ್ ಪೈಪಿನ ತುದಿಗೆ ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಹಿಡಿಯಿರಿ. ಚೀಲ ಪಟಪಟ ಅಂತ ಅಲ್ಲೇ ಬಡಿದುಕೊಳ್ಳುತ್ತಾ ನಿಧಾನವಾಗಿ ಉಬ್ಬಿದರೆ ಅದು ಮಾಮೂಲು. ನೋಡನೋಡುತ್ತಲೇ ಊದಿ ಬಿಗಿಯಾದರೆ ಬ್ಲೋ-ಬೈ ಜಾಸ್ತಿ. ಮೊದಲನೆಯ ಉಸಿರಿನ ಮೊತ್ತ ಸೊನ್ನೆ ಅಂದೆನಲ್ಲ, ಚೀಲದಲ್ಲಿ ಉಳಿಯುವುದೆಲ್ಲ ಎರಡನೆಯದೇ. ಚೀಲ ತುಂಬುವ ಮೊದಲೇ ತೆಗೆದುಬಿಡಿ. ಇಲ್ಲಿ ಜಾಸ್ತಿ ಕಂಡರೆ ಪೈಪನ್ನು ಎಲ್ಲಿಗೆ ತಿರುಗಿಸಿದರೂ ಫಲವಿಲ್ಲ, ಕಂಪ್ರೆಷನ್ ಟೆಸ್ಟ್ ಮಾಡಿಸಬೇಕು.

ದಾರಿ ಬದಲಿಸುವಾಗ

ನಾನು ಒಪ್ಪುವ ವಿಧಾನ ಒಂದೇ: ಇಂಜಿನ್ನಿಗೂ ಏರ್ ಬಾಕ್ಸಿಗೂ ನಡುವೆ ಕ್ಯಾಚ್ ಕ್ಯಾನ್, ಅಂದರೆ ಆಯಿಲ್ ಹಿಡಿಯುವ ಸಣ್ಣ ಡಬ್ಬಿ. ಇಂಜಿನ್ನಿನ ಪೈಪ್ ಕ್ಯಾನಿಗೆ, ಕ್ಯಾನಿನ ಮೇಲ್ತುದಿಯಿಂದ ಇನ್ನೊಂದು ಪೈಪ್ ಹಳೆಯ ಜಾಗಕ್ಕೆ. ಆಯಿಲ್ ಕ್ಯಾನಿನಲ್ಲಿ ಉಳಿಯುತ್ತದೆ, ಗ್ಯಾಸ್ ಎಂದಿನಂತೆ ಏರ್ ಬಾಕ್ಸಿಗೆ ಹೋಗಿ ಉರಿದುಹೋಗುತ್ತದೆ. ಬಯಲಿಗೆ ಬಿಡುವುದು ಸುಲಭ, ನಿಜ. ಆದರೆ ಆ ಗ್ಯಾಸಿನಲ್ಲಿ ಉರಿಯದ ಪೆಟ್ರೋಲ್ ಇರುತ್ತದೆ, ಅದೂ ಗಾಳಿ ಕೆಡಿಸುತ್ತದೆ. ಅಮೆರಿಕದಲ್ಲಿ 1980ರಿಂದ ಹೊಸ ಬೈಕುಗಳ ಕ್ರ್ಯಾಂಕ್‌ಕೇಸ್ ಗ್ಯಾಸ್ ಬಯಲಿಗೆ ಬಿಡುವುದನ್ನೇ ನಿಷೇಧಿಸಿದ್ದಾರೆ, ಬೇರೆ ಹಲವು ಕಡೆಯೂ ಇಂಥ ನಿಯಮವಿದೆ. ಪೈಪನ್ನು ಹಿಂದಕ್ಕೆ ಎಳೆದು ನಂಬರ್ ಪ್ಲೇಟಿನ ಕೆಳಗೆ ಬಿಡುವವರಿಗೆ ಇನ್ನೊಂದು ಅಪಾಯ ಕಾದಿರುತ್ತದೆ. ಜಿನುಗಿದ ಆಯಿಲ್ ಹಿಂದಿನ ಟಯರಿನ ಮೇಲೆ ಬೀಳುತ್ತದೆ, ಗೊತ್ತಾಗುವುದು ತಿರುವಿನಲ್ಲಿ.

ಪೈಪ್ ಆಯಿಲ್ ತಡೆಯುವ ನೈಟ್ರೈಲ್ ರಬ್ಬರಿನದ್ದಾಗಿರಲಿ. ಒಳಗೆ ಕಾಣುತ್ತದೆಂದು ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಹಾಕಬೇಡಿ, ಬಿಸಿಗೆ ಮೊದಲು ಮೆತ್ತಗಾಗಿ ಮಡಚಿಕೊಳ್ಳುತ್ತದೆ, ಕೊನೆಗೆ ಸೆಟೆದು ಬಿರುಕು ಬಿಡುತ್ತದೆ. ಒಳವ್ಯಾಸ ಎಲ್ಲೂ ಮೂಲದ್ದಕ್ಕಿಂತ ಕಿರಿದಾಗಬಾರದು. ಕಿರಿದಾಗುವುದು ಸಾಮಾನ್ಯವಾಗಿ ಜಾಯಿಂಟಿನ ಒಳಗೆ: ಪೈಪ್ 12 ಮಿ.ಮೀ., ಸಿಕ್ಕಿಸಿದ ಜಾಯಿಂಟ್ ತೂತು 8 ಮಿ.ಮೀ. ಆದರೆ ಲೆಕ್ಕಕ್ಕೆ ಬರುವುದು 8.

ಇಂಜಿನ್ನಿನಿಂದ ಕ್ಯಾನಿನವರೆಗೆ ಪೈಪ್ ಮೇಲೇರುತ್ತಲೇ ಹೋಗಬೇಕು. ನಡುವೆ ತೊಟ್ಟಿಲಿನ ಹಾಗೆ ಜೋಲು ಬಿದ್ದರೆ ಅಲ್ಲಿ ಆಯಿಲ್ಲೂ ನೀರೂ ನಿಂತು ದಾರಿ ಕಟ್ಟುತ್ತವೆ, ಚಳಿ ಪ್ರದೇಶದಲ್ಲಿ ಆ ನೀರು ಹೆಪ್ಪುಗಟ್ಟಿ ಬ್ರೀದರ್ ಪೂರ್ತಿ ಮುಚ್ಚಿಹೋಗಬಹುದು. ಮೇಲೇರಿದ್ದರೆ ಹನಿ ತಾನಾಗಿ ಇಂಜಿನ್ನಿಗೆ ಇಳಿಯುತ್ತದೆ. ಕ್ಯಾನನ್ನು ಸೈಲೆನ್ಸರಿನಿಂದ ದೂರ, ಸೀಟಿನ ಕೆಳಗೋ ಸೈಡ್ ಕವರಿನ ಹಿಂದೆಯೋ ಕಟ್ಟಿ. ಒಳಗೆ ಸ್ಟೀಲ್ ಸ್ಕ್ರಬ್ಬರ್ ತುರುಕಿದರೆ ಹನಿಗಳು ಅದಕ್ಕೆ ಬಡಿದು ಇಳಿಯುತ್ತವೆ. ಒರಟು ಸುರುಳಿಯದ್ದೇ ಹಾಕಿ. ನಯವಾದ ಸ್ಟೀಲ್ ವುಲ್ ಪುಡಿಯಾಗಿ ಉದುರುತ್ತದೆ, ಇಂಜಿನ್ ಎಳೆದುಕೊಂಡರೆ ಕಥೆ ಮುಗಿಯಿತು.

ಹಳೆಯ ಪೈಪನ್ನು ಏರ್ ಬಾಕ್ಸಿನಿಂದ ಶಾಶ್ವತವಾಗಿ ಕಿತ್ತರೆ ಅಲ್ಲಿನ ತೂತನ್ನು ಗಟ್ಟಿಯಾಗಿ ಮುಚ್ಚಿ. ಎಷ್ಟೋ ಗಾಡಿಗಳಲ್ಲಿ ಆ ತೂತು ಫಿಲ್ಟರಿನ ಆಚೆ, ಶುದ್ಧ ಗಾಳಿಯ ಕಡೆಗಿರುತ್ತದೆ. ತೆರೆದು ಬಿಟ್ಟರೆ ಧೂಳು ಸೋಸದೇ ಒಳಹೋಗಿ ರಿಂಗುಗಳನ್ನೇ ಉಜ್ಜುತ್ತದೆ. ಬ್ಲೋ-ಬೈ ಕಾಟದಿಂದ ಪಾರಾಗಲು ಹೋಗಿ ಬ್ಲೋ-ಬೈ ಹೆಚ್ಚಿಸಿಕೊಂಡ ಹಾಗೆ. ಕಾರುಗಳಲ್ಲಿ ನೋಡಿ ಬ್ರೀದರನ್ನು ಕಾರ್ಬ್ಯುರೇಟರಿನ ಆಚೆ, ಇನ್‌ಟೇಕ್ ಪೈಪಿಗೇ ಸೇರಿಸುವವರೂ ಇದ್ದಾರೆ. ಕಾರಿನಲ್ಲಿ ಆ ಹರಿವನ್ನು ಅಳೆದು ಬಿಡುವ ವಾಲ್ವ್ ಇರುತ್ತದೆ. ಬೈಕಿನಲ್ಲಿ ನೇರ ಸೇರಿಸಿದರೆ ಲೆಕ್ಕಕ್ಕಿಲ್ಲದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಐಡ್ಲಿಂಗ್ ಹಿಡಿತ ತಪ್ಪುತ್ತದೆ.

ಒಮ್ಮುಖ ವಾಲ್ವ್

ಪೈಪಿನಲ್ಲಿ ಒಂದೇ ದಿಕ್ಕಿಗೆ ತೆರೆಯುವ ವಾಲ್ವ್ ಹಾಕಿದರೆ ಮೊದಲನೆಯ ಉಸಿರಿನ ಲೆಕ್ಕವೇ ಬದಲಾಗುತ್ತದೆ. ಪಿಸ್ಟನ್ ಇಳಿದಾಗ ಗಾಳಿ ಹೊರಹೋಗುತ್ತದೆ, ಏರಿದಾಗ ವಾಪಸ್ ಬರಲಾಗದು. ಕ್ರ್ಯಾಂಕ್‌ಕೇಸಿನ ಸರಾಸರಿ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಇಳಿದು, ಸೀಲುಗಳ ಬಳಿ ಜಿನುಗುವ ಆಯಿಲ್ ಕಡಿಮೆಯಾಗುತ್ತದೆ. ಹಳೆಯ ಬುಲೆಟ್‌ಗಳ ಬ್ರೀದರಿನಲ್ಲಿದ್ದ ಬಾತುಕೋಳಿ ಕೊಕ್ಕಿನಂಥ ರಬ್ಬರ್ ತುಟಿ ಮಾಡುತ್ತಿದ್ದುದೂ ಇದನ್ನೇ. ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕಾದ್ದರಿಂದ ತೆಳು ಪಟ್ಟಿ ಬಾಗಿ ತೆರೆಯುವ ಹಗುರವಾದ ರೀಡ್ ವಾಲ್ವೇ ಇದಕ್ಕೆ ಸರಿ, ಭಾರದ ಸ್ಪ್ರಿಂಗ್ ವಾಲ್ವ್ ಆ ಓಟಕ್ಕೆ ಹೊಂದದು. ಇಂಜಿನ್ನಿಗೆ ಎಷ್ಟು ಹತ್ತಿರ ಕೂರಿಸಿದರೆ ಅಷ್ಟು ಒಳ್ಳೆಯದು. ದೂರ ಇಟ್ಟರೆ ನಡುವಿನ ಪೈಪಿನ ಗಾಳಿಯೇ ಹಿಗ್ಗಿ ಕುಗ್ಗಿ ವಾಲ್ವಿನ ಕೆಲಸ ಕೆಡಿಸುತ್ತದೆ. ಹಾಕುವ ಮುನ್ನ ಬಾಯಿಂದ ಊದಿ ನೋಡಿ: ಇಂಜಿನ್ನಿನ ಕಡೆಯಿಂದ ಊದಿದರೆ ಹೋಗಬೇಕು, ಹೊರಗಿನ ಕಡೆಯಿಂದ ಊದಿದರೆ ಕಟ್ಟಬೇಕು. ತಿರುವುಮುರುವಾಗಿ ಹಾಕಿದರೆ ಇಂಜಿನ್ ಗಾಳಿ ತುಂಬಿಕೊಳ್ಳುತ್ತಲೇ ಹೋಗಿ ಸೀಲ್ ಕಿತ್ತುಕೊಳ್ಳುತ್ತದೆ.

ಕ್ಯಾನ್ ಓದುವುದು

ಐನೂರು ಕಿಲೋಮೀಟರ್ ಓಡಿಸಿ ಕ್ಯಾನ್ ಬಿಚ್ಚಿ. ಒಳಗೆ ಮಜ್ಜಿಗೆಯಂಥ ಬಿಳಿ ನೊರೆ ಇದ್ದರೆ ಸಾಮಾನ್ಯವಾಗಿ ಅದು ನೀರು ಬೆರೆತ ಆಯಿಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರೇ ಹುಟ್ಟುತ್ತದೆ. ಅದರಲ್ಲಿ ತುಸು ಬ್ಲೋ-ಬೈ ಜೊತೆ ಇಳಿಯುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗದ ಗಿಡ್ಡ ಓಡಾಟದಲ್ಲಿ ಅದು ಆವಿಯಾಗಿ ಹೋಗದೆ ತಣ್ಣನೆಯ ಪೈಪಿನಲ್ಲಿ ಹನಿಯುತ್ತದೆ. ವಾಟರ್ ಕೂಲ್ಡ್ ಗಾಡಿಯಾದರೆ ರೇಡಿಯೇಟರ್ ಮಟ್ಟವನ್ನೂ ಒಮ್ಮೆ ನೋಡಿ, ಹೆಡ್ ಗ್ಯಾಸ್ಕೆಟ್ ಸೋರಿದರೂ ಹೀಗೇ ಕಾಣುತ್ತದೆ. ಕಪ್ಪಗೆ ನೀರಾಗಿ ಪೆಟ್ರೋಲ್ ವಾಸನೆ ಹೊಡೆದರೆ ಮಿಶ್ರಣ ದಪ್ಪಗಿದೆ ಅಥವಾ ರಿಂಗ್ ಸವೆದಿವೆ. ಹಾಕಿದ ಬಣ್ಣದಲ್ಲೇ ಶುದ್ಧ ಆಯಿಲ್ ತುಂಬಿದ್ದರೆ ಮಟ್ಟ ಹೆಚ್ಚಾಗಿದೆ, ಇಲ್ಲವೇ ಪೈಪ್ ಹೊರಟ ಜಾಗದಲ್ಲಿ ಕ್ರ್ಯಾಂಕ್ ನೇರ ಎರಚುತ್ತಿದೆ. ಯಾವುದೇ ಇರಲಿ, ಕ್ಯಾನಿನದ್ದನ್ನು ಇಂಜಿನ್ನಿಗೆ ವಾಪಸ್ ಸುರಿಯಬೇಡಿ. ಹಳೆಯ ಆಯಿಲ್ ಜೊತೆ ಸೇರಿಸಿಡಿ. ನನ್ನದರಲ್ಲಿ ಕಳೆದ ಸಲ ಸಿಕ್ಕಿದ್ದು ಒಂದು ಚಮಚದಷ್ಟು ನೊರೆ, ಅದೂ ಮಳೆಗಾಲದ ನಂತರ.