ಸಿಂಹ ಕಡಲಿಗೆ ಇಳಿದದ್ದು, ಮರೆತದ್ದು, ಮತ್ತೆ ಕಲಿತದ್ದು

2017ರಲ್ಲಿ ನಮೀಬಿಯದ ಸ್ಕೆಲಿಟನ್ ಕೋಸ್ಟ್ ಎಂಬ ಮರಳ ಕರಾವಳಿಯಲ್ಲಿ ಮೂರು ಎಳೆಯ ಸಿಂಹಿಣಿಗಳು ನೀರುಕಾಗೆ ಹಿಡಿಯಲು ಶುರುಮಾಡಿದವು. ಕತ್ತಲ ರಾತ್ರಿಯಲ್ಲಿ, ಕಡಲಂಚಿನ ಜೌಗಿನಲ್ಲಿ ಮಲಗಿದ ಹಕ್ಕಿಗಳ ಹತ್ತಿರಕ್ಕೆ ಹೊಟ್ಟೆ ನೆಲಕ್ಕೊತ್ತಿ ಸರಿದು ಹೋಗುತ್ತಿದ್ದವು. ನೀರುಕಾಗೆ ಆಯಿತು, ಬಾತುಕೋಳಿ ಆಯಿತು, ರಾಜಹಂಸ ಆಯಿತು. ಆಮೇಲೆ ಸೀಲ್ ಎಂಬ ಕಡಲ ಪ್ರಾಣಿಯ ಬೇಟೆಯೂ ಕೈಗೆ ಹತ್ತಿತು. ಅಲ್ಲಿನ ಸಿಂಹಗಳ ಅಧ್ಯಯನದಲ್ಲಿ ವರ್ಷಗಳನ್ನು ಕಳೆದ ಫಿಲಿಪ್ ಸ್ಟ್ಯಾಂಡರ್ ಹದಿನೆಂಟು ತಿಂಗಳು ಇವುಗಳ ಊಟದ ಲೆಕ್ಕವಿಟ್ಟರು. ತಿಂದದ್ದರಲ್ಲಿ ತೂಕದ ಪ್ರಕಾರ ಐದರಲ್ಲಿ ಸುಮಾರು ನಾಲ್ಕು ಪಾಲು ಕಡಲಂಚಿನದೇ ಆಗಿತ್ತು.

ಹೊಸ ಸುದ್ದಿಯಂತೆ ಕಂಡರೂ ಇದು ಹೊಸದಲ್ಲ. 1980ರ ದಶಕದಲ್ಲಿ ಇದೇ ಮರಳ ದಂಡೆಯಲ್ಲಿ ಸಿಂಹಗಳು ಸೀಲ್ ಹಿಡಿಯುತ್ತಿದ್ದವು, ದಡಕ್ಕೆ ಬಂದು ಬಿದ್ದ ತಿಮಿಂಗಿಲದ ಹೆಣ ತಿನ್ನುತ್ತಿದ್ದವು. 1990ರ ಹೊತ್ತಿಗೆ ಒಂದೂ ಉಳಿಯಲಿಲ್ಲ. ಸಾಯಿಸಿದ್ದು ಕಡಲಲ್ಲ, ಮರಳುಗಾಡೂ ಅಲ್ಲ. ಅವುಗಳ ಹಣೆಬರಹ ತೀರ್ಮಾನವಾದದ್ದು ದಂಡೆಯಿಂದ ಬಹುದೂರ ಒಳನಾಡಿನಲ್ಲಿ, ದನ ಮೇಕೆ ಕೂಡುವ ದೊಡ್ಡಿಗಳ ಬಳಿ.

ಮೊದಲು ನೆಲವನ್ನು ನೋಡೋಣ. ನಮೀಬ್ ಮರುಭೂಮಿ ಅಂಗೋಲದ ದಕ್ಷಿಣದಿಂದ ನಮೀಬಿಯದ ಉದ್ದಕ್ಕೂ ಹಾದು ದಕ್ಷಿಣ ಆಫ್ರಿಕದವರೆಗೆ, ಅಟ್ಲಾಂಟಿಕ್ ಅಂಚಿನಲ್ಲಿ ಸುಮಾರು 2,000 ಕಿಲೋಮೀಟರ್ ಚಾಚಿದೆ. ಪಕ್ಕದಲ್ಲೇ ಹರಿಯುವ ಬೆಂಗ್ವೆಲಾ ಪ್ರವಾಹ ತಣ್ಣನೆಯದು. ತಣ್ಣೀರಿನ ಮೇಲಿನ ಗಾಳಿ ಮೇಲೇಳುವುದಿಲ್ಲ, ಮೋಡ ಕಟ್ಟಿ ಸುರಿಯುವುದಿಲ್ಲ. ಅದೇ ಗಾಳಿ ಮಂಜಾಗಿ ದಡ ಹತ್ತುತ್ತದೆ. ಹಲವು ಸಲ 50 ಕಿಲೋಮೀಟರ್ ಒಳಕ್ಕೂ ನುಗ್ಗುತ್ತದೆ. ಕಡಲಂಚಿನಲ್ಲಿ ಇಡೀ ವರ್ಷದ ಮಳೆ ಸಾಮಾನ್ಯವಾಗಿ 20 ಮಿಲಿಮೀಟರ್ ಮುಟ್ಟುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್‌ನ ಒಂದು ಜಡಿಮಳೆ ಒಂದೆರಡು ಗಂಟೆಯಲ್ಲಿ ಅದಕ್ಕಿಂತ ಹೆಚ್ಚು ಸುರಿಸಿಬಿಡುತ್ತದೆ. ದಕ್ಷಿಣದ ಮರಳು ದಿಬ್ಬಗಳಲ್ಲಿ ಒಂದು ಜಾತಿಯ ಕಪ್ಪು ಜೀರುಂಡೆ ಮಂಜು ಬಂದ ಬೆಳಗ್ಗೆ ದಿಬ್ಬದ ನೆತ್ತಿಗೆ ಹತ್ತಿ, ತಲೆ ತಗ್ಗಿಸಿ ಹಿಂಭಾಗ ಎತ್ತಿ ನಿಲ್ಲುತ್ತದೆ. ಬೆನ್ನ ಮೇಲೆ ಕೂತ ಹನಿಗಳು ಸೇರಿ ಬಾಯಿಗೆ ಇಳಿಯುತ್ತವೆ. ನೀರಿನ ಬೆಲೆ ಎಷ್ಟೆಂದು ಈ ಒಂದು ಹುಳುವನ್ನು ನೋಡಿದರೆ ಸಾಕು.

ದೊಡ್ಡ ಪ್ರಾಣಿಗಳಿಗೆ ಮಂಜಿನ ಹನಿ ಸಾಲದು. ಅವಕ್ಕೆ ಆಸರೆ ಹೊಳೆಗಳು. ಉತ್ತರ ಭಾಗದಲ್ಲಿ ಹೋರುಸಿಬ್, ಹೋನಿಬ್, ಉನಿಯಾಬ್, ಹುವಾಬ್, ಉಗಾಬ್ ಎಂಬ ಹೊಳೆಗಳು ಪೂರ್ವದ ಬೆಟ್ಟಗಳಿಂದ ಕಡಲಿನತ್ತ ಬರುತ್ತವೆ. ಹೊಳೆ ಎಂದರೆ ವರ್ಷದ ಬಹುಪಾಲು ಒಣ ಮರಳ ಪಾತ್ರ. ಒಳನಾಡಿನಲ್ಲಿ ಮಳೆ ಬಿದ್ದಾಗ ಕೆಲವು ದಿನ ನೆರೆ, ಆಮೇಲೆ ಮತ್ತೆ ಮರಳು. ಆದರೆ ಮರಳಿನಡಿ ನೀರು ಉಳಿದಿರುತ್ತದೆ. ಪಾತ್ರದುದ್ದಕ್ಕೂ ಆನಾ ಮರಗಳು ನಿಂತಿವೆ, ಆನೆಗಳು ಅವುಗಳ ಕಾಯಿಗೆ ಬರುತ್ತವೆ. ಹೋನಿಬ್‌ಗೆ ಕಡಲ ಪಕ್ಕದ ಮರಳು ದಿಬ್ಬಗಳು ಅಡ್ಡ ಕಟ್ಟಿವೆ. ದೊಡ್ಡ ನೆರೆ ಬಂದರಷ್ಟೇ ನೀರು ದಿಬ್ಬ ಒಡೆದು ಸಮುದ್ರ ಸೇರುತ್ತದೆ, ಇಲ್ಲವಾದರೆ ದಿಬ್ಬದ ಹಿಂದೆ ಹರಡಿ ನಿಲ್ಲುತ್ತದೆ. ಜಿರಾಫೆಗೆ, ಒರಿಕ್ಸ್, ಸ್ಪ್ರಿಂಗ್‌ಬಾಕ್ ಎಂಬ ಹುಲ್ಲೆಗಳಿಗೆ, ಅವುಗಳ ಬೆನ್ನಟ್ಟುವ ಸಿಂಹಕ್ಕೆ ಬೆಟ್ಟದಿಂದ ಕಡಲಿಗೆ ಇರುವ ದಾರಿ ಇದೇ. ಮನುಷ್ಯರ ದನಕರುಗಳೂ ನೀರಿಗೆ ಇದೇ ಹೊಳೆಗಳಿಗೆ ಬರಬೇಕು. ಎಲ್ಲ ತಕರಾರಿನ ಬೇರು ಇಲ್ಲಿದೆ.

ಈ ಬೇರಿಗೆ ನಕ್ಷೆ ಬರೆದವರೂ ನೀರೆರೆದರು. 1907ರಲ್ಲಿ ಜರ್ಮನ್ ವಸಾಹತು ಸರ್ಕಾರ ಗುರುತಿಸಿದ ವನ್ಯಜೀವಿ ಮೀಸಲು ಎಟೋಶಾ ಉಪ್ಪುಬಯಲಿನಿಂದ ಹಿಡಿದು ಕಡಲಿನವರೆಗೂ ಇತ್ತು. ಆಮೇಲೆ ದಕ್ಷಿಣ ಆಫ್ರಿಕದ ಆಡಳಿತ ಬಂತು. 1964ರ ಓಡೆಂಡಾಲ್ ಆಯೋಗ ಜನಾಂಗಕ್ಕೊಂದು ಸೀಮೆ ಎಂದು ನೆಲ ಹಂಚಿತು. 1970ರಲ್ಲಿ ಎಟೋಶಾ ಉದ್ಯಾನ ಇಂದಿನ 22,000 ಚದರ ಕಿಲೋಮೀಟರ್ ಚಿಲ್ಲರೆಗೆ ಕುಗ್ಗಿತು. 1971ರಲ್ಲಿ ಕುನೇನೆ ನದಿಯಿಂದ ಉಗಾಬ್‌ವರೆಗಿನ ಕಡಲಂಚಿನ ಪಟ್ಟಿ ಸ್ಕೆಲಿಟನ್ ಕೋಸ್ಟ್ ಉದ್ಯಾನವಾಯಿತು. ಉದ್ದ ಸುಮಾರು 500 ಕಿಲೋಮೀಟರ್, ಅಗಲ ಮಾತ್ರ 30–40. ಎರಡು ಉದ್ಯಾನಗಳ ನಡುವೆ ಹೆರೆರೊ, ಹಿಂಬಾ, ದಮಾರ ಜನರ ಸೀಮೆಗಳು. ಸಿಂಹಕ್ಕೆ ಈ ಗೆರೆಗಳ ಪರಿವೆ ಇಲ್ಲ. ಸಾವಿರಾರು ಚದರ ಕಿಲೋಮೀಟರ್ ಅಲೆಯದೆ ಹೊಟ್ಟೆ ತುಂಬದ ಪ್ರಾಣಿಗೆ 40 ಕಿಲೋಮೀಟರ್ ಅಗಲದ ಉದ್ಯಾನ ಅಂಗಳಕ್ಕೂ ಸಾಲದು. ಉದ್ಯಾನ ಮಾಡಿದ್ದು ಸಿಂಹ ನಿಲ್ಲಲಾಗದ ಜಾಗದಲ್ಲಿ, ನಿಲ್ಲುವ ಜಾಗವನ್ನು ಬಿಟ್ಟುಕೊಟ್ಟದ್ದು ದನಗಾಹಿಗಳಿಗೆ. ಇದರ ನಷ್ಟವನ್ನು ಇಬ್ಬರೂ ಉಂಡಿದ್ದಾರೆ.

1980ರ ಆಸುಪಾಸಿನ ಬರ ದೇಶದ ವಾಯವ್ಯದ ಈ ಕಾವೋಕೋವೆಲ್ಡ್ ಸೀಮೆಯನ್ನು ಬರಿದು ಮಾಡಿತು. ಬಹುಪಾಲು ದನಗಳು ಸತ್ತವು. ಅದೇ ಕಾಲಕ್ಕೆ ಆನೆದಂತ, ಖಡ್ಗಮೃಗದ ಕೊಂಬಿಗಾಗಿ ಕಳ್ಳಬೇಟೆ. ಬಡಕಲು ಪ್ರಾಣಿಗಳಿರುವ ತನಕ ಸಿಂಹಕ್ಕೆ ಹಬ್ಬ. ಅವು ಮುಗಿದ ಮೇಲೆ ಅದು ಅಳಿದುಳಿದ ದನಗಳ ಮೇಲೆ ಬಿತ್ತು. ಹತ್ತು ದನ ಉಳಿಸಿಕೊಂಡವನಿಗೆ ಒಂದು ಹೋದರೂ ಸಂಸಾರ ಅಲುಗುತ್ತದೆ. ಹೆರೆರೊ, ಹಿಂಬಾ ಮನೆಗಳಲ್ಲಿ ದನವೆಂದರೆ ಹಾಲು, ಗಂಟು, ಪಿತೃಗಳ ಋಣ ಎಲ್ಲವೂ. ಬಂದೂಕು, ವಿಷ, ಉರುಳು ಹೊರಗೆ ಬಂದವು. ಕಡಲು ಕಲಿತ ಸಿಂಹಗಳೂ ಒಳನಾಡಿಗೆ ಹೋಗಿ ಬರುವವೇ ಆದ್ದರಿಂದ ಅವೂ ಉಳಿಯಲಿಲ್ಲ.

ಇಲ್ಲಿ ಹೋದದ್ದು ಪ್ರಾಣಿಗಳಷ್ಟೇ ಅಲ್ಲ ಎನ್ನುವುದನ್ನು ಒತ್ತಿ ಹೇಳಬೇಕು. ಸೀಲ್ ಬೇಟೆ ರಕ್ತದಲ್ಲಿ ಬರುವ ವಿದ್ಯೆಯಲ್ಲ, ತಾಯಿಯ ಹಿಂದೆ ನಡೆದು ಕಲಿಯುವಂಥದು. ಸೀಲ್ ನೀರಿನಿಂದ ಎಷ್ಟು ದೂರ ಬಂದಾಗ ಅಡ್ಡಗಟ್ಟಬೇಕು, 300 ಕಿಲೋ ತೂಗಬಲ್ಲ ದೊಡ್ಡ ಗಂಡನ್ನು ಬಿಟ್ಟು ಎಳೆಯದನ್ನು ಆರಿಸುವುದು ಹೇಗೆ, ದಿಬ್ಬಗಳ ನಡುವೆ ಸಿಹಿನೀರು ಒಸರುವುದೆಲ್ಲಿ, ಇದೆಲ್ಲ ಬಲ್ಲ ಕೊನೆಯ ಸಿಂಹಿಣಿ ಸತ್ತ ದಿನ ಆ ತಿಳಿವಳಿಕೆಯೂ ಹೋಯಿತು. 2000ದ ಬಳಿಕ ಸಿಂಹಗಳು ಮತ್ತೆ ದಂಡೆಯ ಕಡೆ ಸುಳಿದಾಡಿದರೂ ಕಡಲನ್ನೇ ನೆಚ್ಚಿ ಬದುಕುವ ಸಿಂಹ ಕಾಣಲು 2017 ಬರಬೇಕಾಯಿತು. ಒಂದು ವಿದ್ಯೆ ಮರಳಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ನಡುವಿನ ಆ ಕಾಲದಲ್ಲಿ ಒಳನಾಡಿನಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. 1980ರ ದಶಕದ ಮೊದಲಲ್ಲೇ ಗಾರ್ತ್ ಓವನ್-ಸ್ಮಿತ್ ಎಂಬ ಸಂರಕ್ಷಕರು ಜೋಶುವಾ ಕಂಗೊಂಬೆಯಂಥ ಊರ ಮುಖಂಡರ ಜೊತೆ ಕೂತು ಮಾತಾಡಿದರು. ಊರವರೇ ಆರಿಸಿದ ಕಾವಲುಗಾರರು ನೇಮಕವಾದರು. ಅವರು ವರದಿ ಕೊಡಬೇಕಾದದ್ದು ಸರ್ಕಾರಕ್ಕಲ್ಲ, ಊರ ಹಿರಿಯರಿಗೆ. ಕೂಲಿ ಎಂದರೆ ಮುಖ್ಯವಾಗಿ ಮೆಕ್ಕೆಜೋಳದ ಹಿಟ್ಟಿನಂಥ ದಿನಸಿ. ಕಳ್ಳಬೇಟೆ ಇಳಿಯಿತು. ದೇಶ 1990ರಲ್ಲಿ ಸ್ವತಂತ್ರವಾಯಿತು. 1996ರ ಕಾಯ್ದೆ ತಿದ್ದುಪಡಿ ಊರವರಿಗೆ ಕನ್ಸರ್ವೆನ್ಸಿ, ಅಂದರೆ ತಮ್ಮ ಸೀಮೆಯ ವನ್ಯಜೀವಿಯನ್ನು ತಾವೇ ನೋಡಿಕೊಳ್ಳುವ ಸಂಘ, ಕಟ್ಟಿಕೊಳ್ಳುವ, ವನ್ಯಜೀವಿಯಿಂದ ಬರುವ ಪ್ರವಾಸದ ಮತ್ತು ಬೇಟೆಯ ಆದಾಯ ಪಡೆಯುವ ಹಕ್ಕು ಕೊಟ್ಟಿತು. 1998ರಲ್ಲಿ ಮೊದಲ ನಾಲ್ಕು ಹುಟ್ಟಿದವು, ಅವುಗಳಲ್ಲಿ ತೋರಾ ಈ ಸಿಂಹಸೀಮೆಯದೇ. ಈಗ ದೇಶದಲ್ಲಿ 80ಕ್ಕೂ ಹೆಚ್ಚಿವೆ.

ಸ್ಟ್ಯಾಂಡರ್ 1990ರ ದಶಕದ ಕೊನೆಗೆ ಎಣಿಸಲು ಇಳಿದಾಗ ಮರಳುಗಾಡಿನಲ್ಲಿ ಉಳಿದಿದ್ದ ಸಿಂಹಗಳು ಸುಮಾರು 20. ಮಳೆ ಕೈಹಿಡಿಯಿತು, ಸ್ಪ್ರಿಂಗ್‌ಬಾಕ್, ಜೀಬ್ರಾ ಹೆಚ್ಚಿದವು, ಸಿಂಹಗಳೂ ನೂರು ದಾಟಿದವು. 2011ರ ಬಳಿಕ ಮಳೆ ಕೈಕೊಟ್ಟಿತು. ಕಾಡುಪ್ರಾಣಿ ಕುಸಿದವು, ಸಿಂಹ ಮತ್ತೆ ದೊಡ್ಡಿಯತ್ತ ತಿರುಗಿತು. 2016ರಲ್ಲಿ ಟೊಮಕಾಸ್ ಎಂಬ ಹಳ್ಳಿಯ ಸುತ್ತ, ಜೊತೆಯಾಗಿಯೇ ಬೆಳೆದ ಐದು ಗಂಡು ಸಿಂಹಗಳಲ್ಲಿ ಒಂದು ಗುಂಡಿಗೆ, ಮೂರು ವಿಷಕ್ಕೆ ಬಲಿಯಾದವು. ಪರವಾನಗಿ ಪಡೆದ ಬೇಟೆಗೂ ಗುರಿ ಗಂಡು ಸಿಂಹವೇ. ಹೀಗೆ ಗಂಡುಗಳೇ ಮೇಲಿಂದ ಮೇಲೆ ಹೋದರೆ ಒಟ್ಟು ಲೆಕ್ಕ ಚೆನ್ನಾಗಿ ಕಂಡರೂ ಸಂತಾನ ಮುಂದುವರಿಯುವುದಿಲ್ಲ. 2022ರ ಎಣಿಕೆಯಲ್ಲಿ ಸಿಕ್ಕ ವಯಸ್ಕ ಸಿಂಹಗಳು 60ರ ಆಸುಪಾಸು, ಅದೂ ಸುಮಾರು 40,000 ಚದರ ಕಿಲೋಮೀಟರ್‌ನಲ್ಲಿ.

ಈಗ ದೊಡ್ಡಿಯನ್ನೇ ಹತ್ತಿರದಿಂದ ನೋಡಬೇಕು. ಹಳೆಯ ಪದ್ಧತಿಯ ದೊಡ್ಡಿ ಎಂದರೆ ಸುತ್ತ ಒಟ್ಟಿದ ಮುಳ್ಳುಕೊಂಬೆ. ಸಿಂಹ ಅದನ್ನು ಹಾರಲೇಬೇಕೆಂದಿಲ್ಲ. ಗಾಳಿಗೆ ಅದರ ವಾಸನೆ ಬಡಿದರೆ, ಬೇಲಿಯ ಸಂದಿಯಲ್ಲಿ ನೆರಳು ಕಂಡರೆ ದನಗಳು ಬೆದರಿ ಒಂದೇ ಕಡೆ ನುಗ್ಗುತ್ತವೆ, ಒಳಗಿನಿಂದಲೇ ಬೇಲಿ ಮುರಿದು ಕತ್ತಲಿಗೆ ಚೆದರುತ್ತವೆ. ಕೊಲ್ಲುವುದು ಆಗ, ಬೇಲಿಯ ಹೊರಗೆ. ಸುಧಾರಿಸಿದ ದೊಡ್ಡಿಗೆ ಆಳಾಗಿ ಹೂತ ಗಟ್ಟಿ ಕಂಬ, ಆಳೆತ್ತರಕ್ಕೂ ಮೀರಿದ ಬಲೆತಂತಿ, ಅದರ ಮೇಲೆ ಕಣ್ಣಿಗೆ ಮರೆಯಾಗುವಂತೆ ದಪ್ಪ ಬಟ್ಟೆ ಅಥವಾ ನೆರಳುಬಲೆ. ಆಚೆ ಏನಿದೆಯೆಂದು ದನಕ್ಕೆ ಕಾಣಬಾರದು, ಈಚೆ ಏನಿದೆಯೆಂದು ಸಿಂಹಕ್ಕೆ ಕಾಣಬಾರದು. ತಂತಿಗಿಂತ ಈ ಮರೆಯೇ ಹೆಚ್ಚು ಕೆಲಸ ಮಾಡುತ್ತದೆ. ಕೆಡುವುದೆಲ್ಲಿ? ಗಾಳಿಗೆ ಬಟ್ಟೆ ಹರಿಯುತ್ತದೆ, ಗೇಟಿನ ಅಡಿ ಸಂದು ಬೀಳುತ್ತದೆ, ರಿಪೇರಿಗೆ ದುಡ್ಡಿರುವುದಿಲ್ಲ. ಬರಗಾಲದಲ್ಲಿ ಮೇವು ಹುಡುಕಿ ಮನೆಯವರು ಗುಳೆ ಹೋದಾಗ ದೊಡ್ಡಿಯನ್ನು ಹೊತ್ತೊಯ್ಯಲಾಗುವುದಿಲ್ಲ. ಇನ್ನು ಕತ್ತೆಗಳನ್ನು ರಾತ್ರಿ ಹೊರಗೇ ಬಿಡುವ ರೂಢಿಯಿದೆ. ಸಿಂಹದ ಬಾಯಿಗೆ ಸುಲಭವಾಗಿ ಸಿಗುವವು ಅವೇ.

ಇನ್ನೊಂದು ಏರ್ಪಾಡು ಕತ್ತಿನ ಪಟ್ಟಿ. ಹಿಂಡಿನ ಒಂದು ಸಿಂಹಕ್ಕೆ ಉಪಗ್ರಹಕ್ಕೆ ಜಾಗ ತಿಳಿಸುವ ಪಟ್ಟಿ ಕಟ್ಟಿ, ಅದು ಹಳ್ಳಿಯ ಸುತ್ತ ಎಳೆದ ಕಾಣದ ಗೆರೆ ದಾಟಿದಾಗ ಕಾವಲುಗಾರರಿಗೆ ಸಂದೇಶ ಬರುವಂತೆ ಮಾಡಲಾಗಿದೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ, ಪಟ್ಟಿಯ ರೇಡಿಯೊ ಸದ್ದನ್ನು ತಾನೇ ಹಿಡಿದು ಎಚ್ಚರಿಸುವ ಗೋಪುರಗಳಿವೆ. 2017ರ ಸರ್ಕಾರಿ ಯೋಜನೆಯ ಹಿಂದೆಯೇ ಊರ ಯುವಕರ ‘ಲಯನ್ ರೇಂಜರ್ಸ್’ ಪಡೆ ಬೆಳೆಯಿತು. ಅವರು ಮನೆಮನೆಗೆ ಹೋಗಿ ಹೇಳುತ್ತಾರೆ: ಇವತ್ತು ಸಿಂಹ ಇಂಥ ಕಣಿವೆಯಲ್ಲಿದೆ, ದನ ಆ ಕಡೆ ಬಿಡಬೇಡಿ, ಬೇಗ ಕೂಡಿ. ಪಟ್ಟಿಯ ಬ್ಯಾಟರಿ ಸತ್ತರೆ, ಪಟ್ಟಿ ಇಲ್ಲದ ಸಿಂಹ ಒಂಟಿಯಾಗಿ ಬಂದರೆ ಈ ವ್ಯವಸ್ಥೆ ಕುರುಡು. ಆದರೂ ನನ್ನ ಮಟ್ಟಿಗೆ ಇಷ್ಟು ವರ್ಷಗಳಲ್ಲಿ ಮಾಡಿದ ಕೆಲಸಗಳಲ್ಲಿ ಹೆಚ್ಚು ಬೆಲೆಬಾಳುವುದು ಇದೇ. ಸುದ್ದಿ ತರುವವನು ಅದೇ ಊರಿನ ಹುಡುಗ, ಅವನ ಮನೆಯ ಮೇಕೆಯೂ ಅದೇ ಬಯಲಿನಲ್ಲಿ ಮೇಯುತ್ತದೆ. ಅವನ ಮಾತನ್ನು ಜನ ಕೇಳುತ್ತಾರೆ.

ಹಣದ ವಿಚಾರ ಮಾತ್ರ ಬಗೆಹರಿದಿಲ್ಲ. 2009ರ ಸರ್ಕಾರಿ ನೀತಿಯಲ್ಲಿ ಕಾಡುಪ್ರಾಣಿಗೆ ಬಲಿಯಾದ ಒಂದು ದನಕ್ಕೆ 1,500 ನಮೀಬಿಯ ಡಾಲರ್, ಮೇಕೆಗೆ 200 ಎಂದು ಗೊತ್ತುಮಾಡಿದರು. ಪರಿಹಾರ ಎಂಬ ಪದವನ್ನೇ ಬಳಸದೆ, ನಷ್ಟದಲ್ಲಿ ಒಂದು ಪಾಲು ತುಂಬಿಕೊಡುವ ಸಹಾಯ ಎಂದರು. ಮೊತ್ತಗಳು ಆಮೇಲೆ ಏರಿದರೂ ಸಂತೆಯ ಬೆಲೆಗೆ ಸಮ ಬಂದಿಲ್ಲ. ರಾತ್ರಿ ದೊಡ್ಡಿಯ ಹೊರಗೆ ಸತ್ತ ದನಕ್ಕೆ ಹಣ ಸಿಗುವುದು ಕಷ್ಟ. ಪ್ರವಾಸಿಗರ ದುಡ್ಡು ಕನ್ಸರ್ವೆನ್ಸಿಯ ಖಾತೆಗೆ, ಸತ್ತ ದನದ ನೋವು ಒಂದು ಮನೆಗೆ. ಈ ಅಂತರ ಮುಚ್ಚುವ ತನಕ ದನಗಾಹಿಯ ಸಿಟ್ಟನ್ನು ತಪ್ಪೆನ್ನಲಾಗದು.

ಸಿಂಹ ದಂಡೆಗೆ ಬಂದದ್ದರಿಂದ ದೊಡ್ಡಿಗಳಿಗೆ ಒಂದಿಷ್ಟು ಬಿಡುವು ಸಿಕ್ಕಿದೆ. ಸೀಲ್ ಇರುವ ಕಡೆ ದನ ಇರುವುದಿಲ್ಲ. ಆದರೆ ಅಲ್ಲಿ ಗಾಳ ಹಾಕುವವರಿದ್ದಾರೆ. ಅವರು ತಂಗುವ ಟೆರೇಸ್ ಬೇ ಬಿಡಾರ ವರ್ಷವಿಡೀ ತೆರೆದಿರುತ್ತದೆ, ತೋರಾ ಬೇ ಬಿಡಾರ ಡಿಸೆಂಬರ್, ಜನವರಿಯಲ್ಲಿ ಮಾತ್ರ. ಮಂಜು ಕವಿದ ದಂಡೆಯಲ್ಲಿ, ಅಲೆಯ ಸದ್ದಿನಲ್ಲಿ, ಮರಳಿನದೇ ಬಣ್ಣದ ಪ್ರಾಣಿ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ಹೆಜ್ಜೆಗುರುತು ಕಂಡರೆ ಅದರ ಹಿಂದೆ ಹೋಗದೆ ಗಾಡಿಗೆ ಮರಳಬೇಕು, ಕತ್ತಲಾದ ಮೇಲೆ ನೀರಂಚಿಗೆ ನಡೆದು ಹೋಗಬಾರದು, ಮೀನಿನ ಕರುಳು, ತಲೆಗಳನ್ನು ಬಿಡಾರದ ಬಳಿ ಎಸೆಯಬಾರದು. ಅದಕ್ಕೆ ಮೊದಲು ನರಿ ಬರುತ್ತದೆ, ಆಮೇಲೆ ಕಂದು ಕತ್ತೆಕಿರುಬ, ಅವುಗಳ ಹಿಂದೆ ಸಿಂಹ.