ಬಿಲ್ ಕಟ್ಟಿದ ಮೇಲೂ ಮುಗಿಯದ ಡಿಸ್ಚಾರ್ಜ್

ಮುಂಬೈಯ ಯಾವ ನರ್ಸಿಂಗ್ ಹೋಮ್‌ಗೆ ಹೋದರೂ ಡಿಸ್ಚಾರ್ಜ್ ದಿನ ಎಲ್ಲರ ಕಣ್ಣು ಬಿಲ್ಲಿಂಗ್ ಕೌಂಟರ್ ಮೇಲೆ. "ಮೇಡಮ್, ಅಪ್ರೂವಲ್ ಬಂತಾ?" ಅಂತ ಮನೆಯವರು ಬಿಟ್ಟೂ ಬಿಡದೆ ಕೇಳುತ್ತಾರೆ. ಕೇಳಬೇಕಾದ್ದೇ. ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ಆಸ್ಪತ್ರೆ ಡಿಸ್ಚಾರ್ಜ್ ಮನವಿ ಕಳಿಸಿದ 3 ಗಂಟೆಯೊಳಗೆ ಕ್ಯಾಶ್‌ಲೆಸ್‌ಗೆ, ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದಕ್ಕೆ, ಕೊನೆಯ ಒಪ್ಪಿಗೆ ಬರಬೇಕು. ತಡವಾಗಿ ಆಸ್ಪತ್ರೆ ಜಾಸ್ತಿ ಚಾರ್ಜ್ ಹಾಕಿದರೆ ಅದು ವಿಮಾ ಕಂಪನಿಯ ಖರ್ಚು. ಆದರೆ ಈ 3 ಗಂಟೆಯ ಲೆಕ್ಕ ಶುರುವಾಗುವುದು ಆಸ್ಪತ್ರೆಯ ಮನವಿ ವಿಮಾ ಕಂಪನಿಯ ಕೈಸೇರಿದ ಮೇಲೆ. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರು "ಇವತ್ತು ಮನೆಗೆ" ಅಂದ ಗಳಿಗೆಯಿಂದ ಎಣಿಸುತ್ತಾ ಕೂತರೆ ಸುಮ್ನೆ ಬಿಪಿ ಏರುತ್ತದೆ.

ಹೇಗೋ ಸಂಜೆಯೊಳಗೆ ಬಿಲ್ ತಾಪತ್ರಯ ಮುಗಿಯುತ್ತದೆ. ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ನೋಡಿಕೊಳ್ಳುವ ಕೋಆರ್ಡಿನೇಟರ್ ಆಗಿ ನನಗೆ ಚಿಂತೆ ಹಚ್ಚುವುದು ರೋಗಿಯ ಮನೆಯ ಮೊದಲ ರಾತ್ರಿ. ಅದು ಯಾರ ಜವಾಬ್ದಾರಿ ಅಂತ ಯಾವ ಫೈಲಿನಲ್ಲೂ ಬರೆದಿರುವುದಿಲ್ಲ.

ಪಾರ್ಶ್ವವಾಯು ಆದವರನ್ನೇ ತೆಗೆದುಕೊಳ್ಳಿ. ಮೂಗಿನಿಂದ ಹೊಟ್ಟೆಗೆ ಆಹಾರ ಬಿಡುವ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾಥೆಟರ್ ನಳಿಕೆ. ಮನೆ ಡೊಂಬಿವಲಿಯ ಹಳೇ ಬಿಲ್ಡಿಂಗಿನ ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ತಿರುಗುವುದೇ ಇಲ್ಲ, ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯಬೇಕು. 108 ಇರುವುದು ತುರ್ತಿಗೆ, ಮನೆಗೆ ಬಿಡುವುದಕ್ಕಲ್ಲ. ಖಾಸಗಿ ಆಂಬುಲೆನ್ಸ್‌ನವರ ಹತ್ತಿರ ಮಹಡಿ ಲೆಕ್ಕ ಮೊದಲೇ ಮಾತಾಡದಿದ್ದರೆ ಗೇಟಿನ ಹತ್ತಿರ ಜಗಳ ಖಂಡಿತ. ಇಷ್ಟಾದ ಮೇಲೆ ಆಸ್ಪತ್ರೆ ಬರೆದುಕೊಡುವ ಡಿಸ್ಚಾರ್ಜ್ ಸಮ್ಮರಿಯಲ್ಲಿ ಏನಿರುತ್ತದೆ ಗೊತ್ತಾ? "7 ದಿನ ಬಿಟ್ಟು ಓಪಿಡಿಗೆ ಬನ್ನಿ." ಹೇಗೆ ಬರಬೇಕು, ಹೇಳಿ!

ಅದೇ ಸಮ್ಮರಿಯಲ್ಲಿ ಇನ್ನೊಂದು ಎಡವಟ್ಟು. ನುಂಗಲಾಗದ ರೋಗಿಗೆ ಮಾತ್ರೆಗಳ ಉದ್ದ ಪಟ್ಟಿ. ಮನೆಯವರು ಎಲ್ಲವನ್ನೂ ಕುಟ್ಟಿ ಪುಡಿ ಮಾಡಿ ಟ್ಯೂಬಿಗೆ ಬಿಡುತ್ತಾರೆ. ಆಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆಗೆ ಹೊಟ್ಟೆಯ ಆಸಿಡ್ ತಾಗಬಾರದೆಂದೇ ಹೊದಿಕೆ ಹಾಕಿರುತ್ತಾರೆ, ಕುಟ್ಟಿದರೆ ಅದು ಹೋಯಿತು. ನಿಧಾನವಾಗಿ ಔಷಧ ಬಿಡುವ ಎಸ್‌ಆರ್, ಎಕ್ಸ್‌ಆರ್ ಮಾತ್ರೆಗಳನ್ನು ಕುಟ್ಟಿದರೆ ಇಡೀ ಡೋಸ್ ಒಮ್ಮೆಲೇ ಇಳಿಯುತ್ತದೆ. ಬಿಪಿ ಮಾತ್ರೆಯಾದರೆ ಅಪಾಯ. ಹೊರಡುವ ಮುಂಚೆ "ಇದರಲ್ಲಿ ಯಾವುದನ್ನು ಪುಡಿ ಮಾಡಬಾರದು, ಬದಲಿಗೆ ಏನು ಕೊಡಬೇಕು?" ಅಂತ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ. ಟ್ಯೂಬಿನಲ್ಲಿ ಗಂಜಿ ಬಿಡುವಾಗ, ಬಿಟ್ಟ ಮೇಲೂ ಅರ್ಧ ಮುಕ್ಕಾಲು ಗಂಟೆ, ತಲೆ ಎತ್ತರದಲ್ಲೇ ಇರಬೇಕು. ಇಲ್ಲದಿದ್ದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು, ಮತ್ತೆ ಅದೇ ಬೆಡ್.

ಇದನ್ನೆಲ್ಲ ನಾವು ಹೇಳಿಕೊಡುವುದು ಮಗನಿಗೆ. ಅವನು ಮರುದಿನ ಲೋಕಲ್ ಹತ್ತಿ ಕೆಲಸಕ್ಕೆ ಹೋಗುತ್ತಾನೆ. ನೋಡಿಕೊಳ್ಳುವುದು ಬರೀ ಕನ್ನಡ ಬರುವ ತಾಯಿ, ಜೊತೆಗೆ ಆರೈಕೆಗೆ ಜನ ಕಳಿಸುವ ಸೆಂಟರಿನಿಂದ ಬಂದ ಮರಾಠಿ ಮಾವಶಿ (ಆಯಾ). ಸಮ್ಮರಿ ಇರುವುದು ಇಂಗ್ಲಿಷಿನಲ್ಲಿ! ನಾನು ಮಾವಶಿಯನ್ನು ಒಂದು ದಿನ ಮೊದಲೇ ವಾರ್ಡಿಗೆ ಕರೆಸಿ ಅಂತ ಹಟ ಹಿಡಿಯುತ್ತೇನೆ. ಆ ಒಂದು ದಿನದ ಸಂಬಳಕ್ಕೆ ಚೌಕಾಸಿ ಮಾಡುವವರು ಜಾಸ್ತಿ. ಆದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಯೂರಿನ್ ಬ್ಯಾಗನ್ನು ಸೊಂಟಕ್ಕಿಂತ ಕೆಳಗೆ ಇಡುವುದು, ಇದೆಲ್ಲ ನರ್ಸ್ ಪಕ್ಕ ನಿಂತು ಮಾಡಿದರೇನೇ ಬರುವುದು. ಔಷಧದ ಚಾರ್ಟನ್ನು ಮಗಳೋ ಸೊಸೆಯೋ ಕನ್ನಡದಲ್ಲಿ ಬರೆಯಲಿ, ಅದರ ಪಕ್ಕದಲ್ಲೇ ಮರಾಠಿಯಲ್ಲೂ ಇರಲಿ.

ವ್ಯವಸ್ಥೆ ಮಾಡಲು ಆಗುವುದೇ ಇಲ್ಲ ಅಂತಲ್ಲ. ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ನೋವು, ಸಂಕಟ ಕಡಿಮೆ ಮಾಡುವ ಪ್ಯಾಲಿಯೇಟಿವ್ ತಂಡ ಕ್ಯಾನ್ಸರ್ ರೋಗಿಗಳ ಮನೆಗೇ ಹೋಗುತ್ತದೆ. ಸೊಂಟ ಮುರಿದ ಅಜ್ಜಿಗೆ, ಪಾರ್ಶ್ವವಾಯು ಆದ ಅಪ್ಪನಿಗೆ ಅಂಥದ್ದು ಸುಲಭಕ್ಕೆ ಸಿಗುವುದಿಲ್ಲ. ಅವರ ಪಾಲಿಗೆ ಇರುವುದು ಏರಿಯಾದ ಫ್ಯಾಮಿಲಿ ಡಾಕ್ಟರು. ಅವರಿಗೆ ನಮ್ಮ ಕಡೆಯಿಂದ ಒಂದು ಫೋನೂ ಹೋಗಿರುವುದಿಲ್ಲ. ಹಾಗಾಗಿ ಅಡ್ಮಿಟ್ ಮಾಡುವಾಗಲೇ ಅವರ ನಂಬರ್ ನಮ್ಮ ಕೈಗೆ ಕೊಡಿ, ಟ್ಯೂಬ್ ಬದಲಿಸುವ ತಾರೀಕು ಬಂದಾಗ ಮನೆಗೆ ಯಾರು ಬರುತ್ತಾರೆ ಅಂತಲೂ ಕೇಳಿಡಿ.

ಇನ್ನು ಶನಿವಾರ ಸಂಜೆ "ನಾಳೆ ಡಿಸ್ಚಾರ್ಜ್" ಅಂದರೆ ಸುಮ್ನೆ ತಲೆಯಾಡಿಸಬೇಡಿ. ಏರ್ ಬೆಡ್, ಆಕ್ಸಿಜನ್ ಮಶೀನ್ ಬಾಡಿಗೆಗೆ ಕೊಡುವವರನ್ನು ಭಾನುವಾರ ಹಿಡಿಯುವುದು ಕಷ್ಟ. ಸೋಮವಾರ ಮಧ್ಯಾಹ್ನ ಹೋಗಬಹುದಾ ಅಂತ ಕೇಳಿ. ಒಂದು ದಿನದ ಬೆಡ್ ಚಾರ್ಜ್ ಬೀಳುತ್ತದೆ, ಪಾಲಿಸಿ ಅದನ್ನು ಕೊಡುತ್ತದಾ ಅಂತ ಆಸ್ಪತ್ರೆಯಲ್ಲಿ ವಿಮೆ ಕ್ಲೇಮು ನೋಡುವ ಟಿಪಿಎ ಡೆಸ್ಕಿನಲ್ಲಿ ಅವತ್ತೇ ವಿಚಾರಿಸಿ.